ಎಂಬತ್ತಾರು, ಎಂಬತ್ತೇಳು

ಎಂಬತ್ತೈದನೆಯ ಪುಟದಿಂದ ಎಂಬತ್ತೆಂಟಕ್ಕೆ ಹೋಗಲು ಹೆಬ್ಬೆರಳಿನ ಒಂದು ಎಳೆತ ಸಾಕು. ಗದಗಿನ ಬಸ್ ನಿಲ್ದಾಣ ಬಿಟ್ಟಾಗಿನಿಂದ ವನಿತಾ ಮೊಬೈಲಿನಲ್ಲಿ ಅದನ್ನೇ ಮಾಡುತ್ತಿದ್ದಳು. ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ. ನಡುವೆ ಎರಡು ಪುಟ ಇಲ್ಲವೆಂಬುದು ಮೇಲುನೋಟಕ್ಕೆ ಗೊತ್ತಾಗುತ್ತದೆಯೇ ಎಂದು ತಿಳಿಯಲು ಒಮ್ಮೆ ತಾನು ಕೆಲಸ ಮಾಡುವ ಗ್ರಂಥಾಲಯದ ಸುಭಾಷ ಸರ್ ನೋಡಿದಂತೆ ನೋಡಿದಳು, ಇನ್ನೊಮ್ಮೆ ಓದು ಬಾರದ ಯಾರೋ ನೋಡಿದಂತೆ ನೋಡಿದಳು. ಕಲ್ಲಚ್ಚಿನ ಹಳೆಯ ಪುಸ್ತಕ. ಪುಟದ ಅಂಕಿಗಳು ಮೂಲೆಯಲ್ಲಿ ಇರುವೆಯಷ್ಟು ಚಿಕ್ಕವು, ಅದೂ ಅರ್ಧ ಮಾಸಿದವು. ಅಂಕಿಯನ್ನು ಯಾರು ನೋಡುತ್ತಾರೆ. ಹಾಗೆಂದುಕೊಂಡ ಮರುಗಳಿಗೆಗೆ ಅಂಕಿ ಬಿಟ್ಟು ಬೇರೇನೂ ಕಾಣದಂತಾಗುತ್ತಿತ್ತು. ಕಂಡಕ್ಟರ್ ಬಂದು ಆಧಾರ್ ತೋರಿಸು ಎಂದಾಗ ಅವಳು ಆ ಪುಟವನ್ನೇ ಅವನ ಮುಂದೆ ಹಿಡಿದಳು. ಇದರಾಗ ನಿನ್ನ ಫೋಟೋ ಎಲ್ಲೈತೆವ್ವಾ ಎಂದು ಅವನು ಕೇಳಿದ್ದಕ್ಕೆ ಹಿಂದಿನ ಸೀಟಿನವರು ನಕ್ಕರು. ಅವಳೂ ನಕ್ಕಳು. ಬೇಕಾದ್ದಕ್ಕಿಂತ ಹೆಚ್ಚು ನಕ್ಕಳು, ಆಮೇಲೆ ಆ ನಗೆಯನ್ನು ಏನು ಮಾಡಬೇಕೆಂದು ತಿಳಿಯದೆ ಕಿಟಕಿಯ ಕಡೆ ತಿರುಗಿಕೊಂಡಳು. ಹೊಲಗಳಲ್ಲಿ ಹೆಸರು ಕಟಾವಿಗೆ ಬಂದಿತ್ತು. ಪಕ್ಕದಲ್ಲಿ ಕುಳಿತ ಹೆಂಗಸು ಮೊಬೈಲಿನೊಳಕ್ಕೆ ಬಗ್ಗಿ ನೋಡಿ, ಬಸ್ಸಿನ್ಯಾಗೂ ಪುರಾಣ ಓದತಾಳ ನೋಡು ಎಂದು ತನ್ನ ಮಗಳಿಗೆ ತೋರಿಸಿದಳು. ಆ ಹುಡುಗಿ ವನಿತಾಳನ್ನು ಮೇಲಿಂದ ಕೆಳಗೆ ನೋಡಿ ಕುರಕುರೆ ತಿನ್ನುವುದನ್ನು ಮುಂದುವರಿಸಿತು.

ಶನಿವಾರ ಎಂಬ ದಿನವೇ ಇಲ್ಲದಿದ್ದರೆ ಏನೂ ಆಗುತ್ತಿರಲಿಲ್ಲ. ಬಕ್ರೀದಿನ ಶನಿವಾರ. ಗದಗಿನಲ್ಲಿ ಹಳೆಯ ಹತ್ತಿ ಗೋದಾಮೊಂದನ್ನು ಗ್ರಂಥಾಲಯ ಮಾಡಿಕೊಂಡಿದ್ದ ಟ್ರಸ್ಟಿನಲ್ಲಿ ಅವಳು ಎಂ.ಎ. ಓದುತ್ತಲೇ ಅರ್ಧ ದಿನದ ಕೆಲಸಕ್ಕೆ ಸೇರಿ ಒಂಬತ್ತು ತಿಂಗಳಾಗಿತ್ತು. ಸುತ್ತಲಿನ ಊರುಗಳ ಮನೆಗಳಲ್ಲಿ ಅಟ್ಟ, ಪೆಟ್ಟಿಗೆ, ದೇವರ ಗೂಡುಗಳಲ್ಲಿ ಉಳಿದ ಹಳೆಯ ಮುದ್ರಣದ ಪುಸ್ತಕಗಳನ್ನು ಕೇಳಿ ತರುವುದು, ಧೂಳು ಝಾಡಿಸಿ ಪುಟ ಪುಟವೂ ಫೋಟೋ ತೆಗೆಯುವುದು, ಕೊಟ್ಟವರು ವಾಪಸು ಬೇಕೆಂದರೆ ಬಿಳಿ ಬಟ್ಟೆಯಲ್ಲಿ ಸುತ್ತಿ ದಾರ ಕಟ್ಟಿ ವಾಪಸು ಕೊಡುವುದು. ಡೋಣಿಯ ಯಮನೂರಪ್ಪನವರ ಮನೆಯಿಂದ ಬಂದದ್ದು ಗುಡ್ಡದಜ್ಜನೆಂಬ ಸಂತನ ಪುರಾಣ. ಲಕ್ಷ್ಮೇಶ್ವರದಲ್ಲಿ ಯಾವುದೋ ಕಾಲದಲ್ಲಿದ್ದು ಹೋದ ಒಂದು ಕಲ್ಲಚ್ಚಿನ ಛಾಪಖಾನೆಯದು. ಇನ್ನೊಂದು ಪ್ರತಿ ಎಲ್ಲಿಯೂ ಇಲ್ಲವೆಂದು ಸುಭಾಷ ಸರ್ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡಿದ್ದರು. ಅದರಲ್ಲಿ ಎಂಬತ್ತಾರು ಮತ್ತು ಎಂಬತ್ತೇಳನೆಯ ಪುಟಗಳು ಒಂದಕ್ಕೊಂದು ಮುಖ ಹಚ್ಚಿ ಅಂಟಿಕೊಂಡಿದ್ದವು. ಅಂಟಿದ ಪುಟ ಬಂದರೆ ಏನು ಮಾಡಬೇಕೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒದ್ದೆ ಮಾಡಿ ನೀರು ಬಸಿದ ಬ್ಲಾಟಿಂಗ್ ಕಾಗದವನ್ನು ಎರಡೂ ಬದಿಗೆ ಇಟ್ಟು ಮೇಲೆ ಗಾಜು ಹೇರಬೇಕು, ಅರ್ಧ ಗಂಟೆಗೊಮ್ಮೆ ಕಾಗದ ಬದಲಿಸಬೇಕು, ಕೊನೆಗೆ ಬಿದಿರಿನ ಚಪ್ಪಟೆ ಕಡ್ಡಿಯನ್ನು ಮೂಲೆಯಿಂದ ಒಳಗೆ ಬಿಡಬೇಕು. ಜೊತೆಯಲ್ಲಿ ಕೆಲಸ ಮಾಡುವ ಶಾಕೀರ ಅವಳ ಕೈಯಿಂದಲೇ ಮೂರು ಸಲ ಮಾಡಿಸಿ ಕಲಿಸಿದ್ದ. ಅವನು ಹಬ್ಬಕ್ಕೆ ರಜೆ ಹಾಕಿದ್ದ. ಭೀಷ್ಮ ಕೆರೆಯ ದಂಡೆಯಲ್ಲಿ ಗೆಳತಿ ಪ್ರಿಯಾಂಕಾಳ ಬರ್ತ್‌ಡೇ ಕೇಕು ಬಿಸಿಲಿಗೆ ಕರಗುತ್ತಿತ್ತು, ಫೋನಿನ ಮೇಲೆ ಫೋನು. ಫಾರ್ಮಿನಲ್ಲಿ 'ಪೂರ್ಣ' ಎಂಬಲ್ಲಿ ಟಿಕ್ ಹಾಕದಿದ್ದರೆ ಫೋಟೋಗಳು ಸರ್ವರಿಗೆ ಏರುವುದಿಲ್ಲ. ಟಿಕ್ ಹಾಕಿದಳು. ಸೋಮವಾರ ಬಂದು ಬಿಡಿಸಿದರಾಯಿತು, ಎರಡು ಫೋಟೋ ಸೇರಿಸಿದರಾಯಿತು.

ಸೋಮವಾರ ಅವಳು ಬರುವಷ್ಟರಲ್ಲಿ ಪುಸ್ತಕ ಇರಲಿಲ್ಲ. ಯಮನೂರಪ್ಪನವರ ಮಗ ಸೋಮೇಶ ಹುಲಕೋಟಿಯ ಸಹಕಾರಿ ಸಂಘವೊಂದರಲ್ಲಿ ಕೆಲಸಕ್ಕಿದ್ದ. ಅತ್ತ ಹೋಗುತ್ತ ಬೆಳಿಗ್ಗೆಯೇ ಬಂದಿದ್ದ. ಶಾಕೀರ 'ಪೂರ್ಣ' ನೋಡಿ, ಬಟ್ಟೆ ಸುತ್ತಿ, ದಾರ ಕಟ್ಟಿ ಕೊಟ್ಟು ಕಳಿಸಿದ್ದ. ಆಗ ತನಗೆ ಆದದ್ದೇನು ಎಂಬುದನ್ನು ವನಿತಾ ಈಗ ಬಸ್ಸಿನಲ್ಲಿ ನೆನೆಯಬಾರದೆಂದುಕೊಂಡೇ ನೆನೆದಳು. ಆದದ್ದು ಹಗುರ. ಒಂದು ಕೆಲಸ ಕಡಿಮೆಯಾಯಿತಲ್ಲ ಎಂಬ ಹಗುರ. ಹೋಗಲಿ, ಪುಸ್ತಕವೇನು ಓಡಿಹೋಗುತ್ತದೆಯೇ, ಯಾವಾಗಲಾದರೂ ತರಿಸಿಕೊಳ್ಳಬಹುದು. ಜೂನ್ ಹೋಯಿತು, ಜುಲೈ ಹೋಯಿತು, ಪರೀಕ್ಷೆ ಬಂತು, ಮರೆತೂ ಹೋಯಿತು.

ಹೋದ ಮಂಗಳವಾರ ಸೋಮೇಶನ ಫೋನು ಬಂದಾಗ ಸುಭಾಷ ಸರ್ ಸ್ಪೀಕರಿಗೆ ಹಾಕಿದ್ದರು, ಅವರ ಕೈಗೆ ಗೋಂದು ಮೆತ್ತಿತ್ತು. ಶ್ರಾವಣದ ಪುರಾಣ ಹಚ್ಚಿದ್ದೇವೆ, ನೀವು ಕಳಿಸಿದ ಫೈಲಿನಲ್ಲೇ ಓದುತ್ತಿದ್ದೇವೆ, ಬರುವ ಸೋಮವಾರ ಗ್ರಂಥಾಲಯದವರು ಬರಲೇಬೇಕು ಎಂದು ಅವನು ಕರೆದ. ಫೈಲಿನಲ್ಲಿ ಯಾಕೆ, ಪುಸ್ತಕ ಇದೆಯಲ್ಲ ಎಂದು ಸರ್ ಕೇಳಿದರು. ಅದನ್ನು ನಾಗರ ಅಮಾವಾಸ್ಯೆಯ ದಿನ ಕೊರ್ಲಹಳ್ಳಿಯ ಹತ್ತಿರ ಹೊಳೆಗೆ ಬಿಟ್ಟು ಬಂದೆವು ಎಂದ ಸೋಮೇಶ, ದೊಡ್ಡ ಕೆಲಸವೊಂದನ್ನು ಸರಿಯಾಗಿ ಮುಗಿಸಿದವನ ಧ್ವನಿಯಲ್ಲಿ. ಜೀರ್ಣವಾದ ದೇವರ ಪುಸ್ತಕವನ್ನು ತಿಪ್ಪೆಗೆ ಹಾಕುವಂತಿಲ್ಲ, ಸುಡುವಂತಿಲ್ಲ. ಹರಿಯುವ ನೀರಿಗೆ ಬಿಡಬೇಕು. ಹೂವು ಏರಿಸಿ, ಕಾಯಿ ಒಡೆದು, ಮನೆಮಂದಿಯೆಲ್ಲ ಹೋಗಿ ಬಿಟ್ಟಿದ್ದರು. ಇಷ್ಟು ವರ್ಷ ಬಿಡಲು ಮನಸ್ಸು ಬರಲಿಲ್ಲ, ಈಗ ನಿಮ್ಮಲ್ಲಿ ಪೂರ್ತಿ ಬಂದಿದೆಯಲ್ಲ ಎಂದು ಬಿಟ್ಟೆವು, ನಿಮ್ಮ ಹುಡುಗಿಯೇ ಹೇಳಿದ್ದಳಲ್ಲ.

ಹೇಳಿದ್ದಳು. ಪುಸ್ತಕ ಕೇಳಲು ಸರ್ ಜೊತೆ ಮೊದಲ ಸಲ ಡೋಣಿಗೆ ಹೋದಾಗ, ಮುದುಕ ಯಮನೂರಪ್ಪನವರು ಕೊಡಲು ಹಿಂದೆಮುಂದೆ ನೋಡುತ್ತಿದ್ದಾಗ, ಯಾರೂ ಕೇಳದಿದ್ದರೂ ಅವಳೇ ಬಾಯಿ ಹಾಕಿದ್ದಳು. "ಅಜ್ಜಾರ, ಒಮ್ಮೆ ನಮ್ಮ ಕಂಪ್ಯೂಟರಿಗೆ ಹೋತಂದ್ರ ಮುಗೀತ ನೋಡ್ರಿ, ಇದಕ್ಕ ಸಾವ ಇಲ್ಲ. ಆಮ್ಯಾಲೆ ಈ ಹಾಳಿ ಇದ್ರೂ ಅಷ್ಟ, ಇಲ್ದಿದ್ರೂ ಅಷ್ಟ." ಸರ್ ಅವಳ ಕಡೆ ಒಮ್ಮೆ ನೋಡಿದ್ದರು. ಮುದುಕ ನಕ್ಕು ಪುಸ್ತಕ ಕೊಟ್ಟಿದ್ದರು. ಬರುವಾಗ ಜೀಪಿನಲ್ಲಿ ಅವಳು ತಾನೇ ಪುಸ್ತಕ ಕೊಡಿಸಿದೆನೆಂದು ಎಷ್ಟು ಹೊತ್ತು ಮಾತಾಡಿದ್ದಳೆಂದರೆ, ಈಗ ನೆನೆದರೆ ಕಿವಿಯ ಹಿಂದೆ ಬಿಸಿಯಾಗುತ್ತದೆ.

ಸರ್ ಫೋನು ಇಟ್ಟರು. ಒಂದೇ ಒಂದು ಪ್ರತಿ ಇತ್ತು ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು ಅವಳನ್ನು ನೋಡಿದರು. ಪೂರ್ತಿ ಇದೆಯಲ್ಲಾ ಎಂದು ಕೇಳಿದರು. ಐತ್ರಿ ಸರ್ ಎಂದಳು. ಅಷ್ಟೇ. ಅದಕ್ಕೆ ಯೋಚನೆ ಬೇಕಾಗಲಿಲ್ಲ; ಊಟ ಆಯಿತೇ ಎಂದರೆ ಆಯಿತು ಎಂದ ಹಾಗೆ ಬಂತು. ಅವರ ಭುಜ ಇಳಿದದ್ದನ್ನು ಅವಳು ಕಣ್ಣಾರೆ ಕಂಡಳು. ಹಂಗಾರ ಬದುಕಿತು ಎಂದು ಅವರು ಎದ್ದು ಚಹಾ ತರಿಸಿದರು, ಅವಳಿಗೂ ಒಂದು. ಪುರಾಣವನ್ನು ಮೂಲದಲ್ಲಿದ್ದಂತೆಯೇ ನೂರು ಪ್ರತಿ ಅಚ್ಚು ಹಾಕಿಸೋಣ, ಮೇಲೆ ಸಂಪೂರ್ಣ ಎಂದು ಹಾಕೋಣ, ನಿನ್ನ ಹೆಸರೂ ಇರಲಿ ಎಂದರು. ಆ ಚಹಾ ಅವಳು ಕುಡಿದಳು. ಪೂರ್ತಿ ಕುಡಿದು, ಕಪ್ಪು ತೊಳೆದಿಟ್ಟಳು. ಸೋಮವಾರ ಸರ್‌ಗೆ ಶಿರಹಟ್ಟಿಯಲ್ಲಿ ಒಂದು ಮನೆಯವರ ಪೆಟ್ಟಿಗೆ ತೆರೆಯುವುದಿತ್ತು. ಡೋಣಿಗೆ ನೀನೇ ಹೋಗಿ ಬಾ, ನಿನ್ನನ್ನೇ ಕೇಳುತ್ತಾರೆ ಎಂದು ಕಳಿಸಿದ್ದರು.

ಹೋಗುವುದಕ್ಕೆ ಅವಳ ಹತ್ತಿರ ಒಂದು ಉಪಾಯವೂ ಇತ್ತು. ಆರು ದಿನ ಸರಿಯಾಗಿ ನಿದ್ದೆಯಿಲ್ಲದೆ ಹೊಳೆದ ಉಪಾಯ. ಅಂದು ಪುಸ್ತಕ ಕೊಡುವಾಗ ಯಮನೂರಪ್ಪನವರು ಅದನ್ನು ಬಿಚ್ಚದೆಯೇ ಮೊದಲಿನ ಹತ್ತು ಪದ್ಯ ಹಾಡಿದ್ದರು. ಅರವತ್ತು ಶ್ರಾವಣ ಓದಿದ ಮನುಷ್ಯನಿಗೆ ಬಾಯಿಪಾಠ ಬರದೇ ಇರುತ್ತದೆಯೇ. ಪುಟಗಳು ಅಂಟಿದ್ದು ಈಚಿನ ಯಾವುದೋ ಮಳೆಗಾಲಕ್ಕೆ ಇರಬೇಕು. ಹೇಗಾದರೂ ಮಾಡಿ ಎಂಬತ್ತೈದನೆಯ ಪುಟದ ಕೊನೆಗೆ ಅವರ ಬಾಯಿ ಬಿಡಿಸಿದರೆ, ನಡುವಿನ ಪದ್ಯಗಳನ್ನು ಅವರು ಹೇಳುವುದು ಫೋನಿನಲ್ಲಿ ರೆಕಾರ್ಡ್ ಆದರೆ, ಬರೆದುಕೊಂಡು, ಎರಡು ಪುಟ ಸವೆದಿದ್ದವು ಸರ್, ಅಜ್ಜನಿಂದ ಬರೆಸಿಕೊಂಡು ಬಂದೆ ಎಂದು ಹೇಳಬಹುದು. ಸವೆದಿದ್ದವು. ಆ ಶಬ್ದವನ್ನು ಅವಳು ಬಾಯಲ್ಲಿ ಹೊರಳಿಸಿ ನೋಡಿದಳು. ಪೂರ್ತಿ ಸುಳ್ಳಲ್ಲ. ಸುಳ್ಳು ಎಂದರೆ ಸುಳ್ಳೇ. ಆದರೆ ಕೊನೆಗೆ ಪುಸ್ತಕ ಪೂರ್ತಿಯಾಗುತ್ತದಲ್ಲ, ಪುಸ್ತಕ ಪೂರ್ತಿಯಾಗುವುದು ಮುಖ್ಯವೋ ಒಬ್ಬ ಹುಡುಗಿ ಏನು ಹೇಳಿದಳೆಂಬುದು ಮುಖ್ಯವೋ. ಹೀಗೆ ತನ್ನೊಳಗೇ ವಾದ ಮಾಡಿ ಗೆಲ್ಲುತ್ತಿರುವಾಗಲೇ ಡೋಣಿ ಬಂತು, ಇಳಿಯುವಾಗ ದುಪಟ್ಟಾ ಸೀಟಿನ ಮೊಳೆಗೆ ಸಿಕ್ಕು ಪರ್ರೆಂದು ಹರಿಯಿತು.

ಸೋಮೇಶ ಬೈಕು ತಂದಿದ್ದ. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ದಾರಿಯುದ್ದಕ್ಕೂ ಅವನು ಏನೇನೋ ಹೇಳಿದ, ಗಾಳಿಯಲ್ಲಿ ಅರ್ಧ ಕೇಳಿತು. ಅವಳು ಎಲ್ಲದಕ್ಕೂ ಹೂಂ ಎಂದಳು. ಇವತ್ತು ಮಂದಿ ಬಹಳ ಬಂದಿದ್ದಾರೆ ಎಂದದ್ದು ಮಾತ್ರ ಪೂರ್ತಿ ಕೇಳಿತು. ನಿಜವಾಗಿಯೂ ಬಂದಿದ್ದರು. ಊಟ ಮುಗಿಸಿ ಹೆಂಗಸರು ಪಡಸಾಲೆಯ ತುಂಬ, ಗಂಡಸರು ಕಟ್ಟೆಯ ಮೇಲೆ, ಹೊಲದಿಂದ ನೇರ ಬಂದವರು ಬಾಗಿಲ ಹತ್ತಿರ ಕಾಲಿನ ಮಣ್ಣು ಒಣಗಿಸಿಕೊಳ್ಳುತ್ತ. ಇಷ್ಟು ಜನ ಯಾಕೆ ಎಂದು ಅವಳಿಗೆ ಮೊದಲ ಸಲ ದಿಗಿಲಾಯಿತು. ಯಮನೂರಪ್ಪನವರ ಹೆಂಡತಿ ಹನಮಂತವ್ವ ತಂಬಿಗೆ ನೀರು ಕೊಟ್ಟು, ಪಂಚಮಿಯಿಂದ ಉಳಿಸಿಟ್ಟ ಶೇಂಗಾ ಉಂಡಿ ಕೈಗಿಟ್ಟು, ಈಕೆಯೇ ನೋಡ್ರಿ ನಮ್ಮ ಪುಸ್ತಕ ಉಳಿಸಿದಾಕಿ ಎಂದು ಎಲ್ಲರಿಗೂ ತೋರಿಸಿದಳು. ಯಾರೋ ಮುದುಕಿ ಅವಳ ಗಲ್ಲ ಮುಟ್ಟಿ ನೆಟಿಗೆ ಮುರಿದಳು. ವನಿತಾ ಹರಿದ ದುಪಟ್ಟಾವನ್ನು ಎಡಗೈಯಲ್ಲಿ ಮುಚ್ಚಿ ಹಿಡಿದು, ಬಲಗೈಯಲ್ಲಿ ಉಂಡಿ ಹಿಡಿದು, ತಿನ್ನಲೂ ಆಗದೆ ಇಡಲೂ ಆಗದೆ ನಿಂತಳು.

ಪುಸ್ತಕವಿಡುವ ಮರದ ಪೀಠದ ಮೇಲೆ ಸೋಮೇಶನ ಗಾಜು ಸೀಳಿದ ಮೊಬೈಲು ಇತ್ತು, ಅದರ ಮುಂದೆ ಊದಿನಕಡ್ಡಿ. ಇಪ್ಪತ್ತು ದಿನದಿಂದ ಯಮನೂರಪ್ಪನವರು ಅದರಲ್ಲೇ ಬೆರಳಿನಿಂದ ಅಕ್ಷರ ದೊಡ್ಡದು ಮಾಡಿಕೊಂಡು ಓದಿದ್ದರಂತೆ. ದಿನದ ಪಾಲು ದಿನಕ್ಕೆ. ಮುಂದಿನದನ್ನು ತೆರೆದು ನೋಡುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಅದನ್ನು ಕೇಳಿ ಅವಳಿಗೆ ಒಂದು ಕ್ಷಣ ಉಸಿರು ಬಂತು, ಯಾರೂ ಇನ್ನೂ ನೋಡಿಲ್ಲ. ಇವತ್ತು ನಿನ್ನ ಮೊಬೈಲಿನಲ್ಲಿ ನೀನೇ ಓದಬೇಕು ಎಂದರು ಯಮನೂರಪ್ಪನವರು. ಬೇಡವೆಂದಳು. ಅವರು ಪೀಠದ ಹಿಂದಿನ ಚಾಪೆಯಿಂದ ಎದ್ದು ಪಕ್ಕಕ್ಕೆ ಕುಳಿತುಬಿಟ್ಟರು. ಹನಮಂತವ್ವ ಕುಂಕುಮದ ಬಟ್ಟಲು ಹಿಡಿದು ಬಂದು, ಇದಕ್ಕೆ ಹಚ್ಚಿದರೆ ಕೆಡುತ್ತದೇನು ಎಂದು ಮೆಲ್ಲಗೆ ಕೇಳಿ, ವನಿತಾಳ ಮೊಬೈಲಿನ ಕವರಿನ ಅಂಚಿಗೆ ಸಣ್ಣದೊಂದು ಬೊಟ್ಟು ಇಟ್ಟಳು. ವನಿತಾ ಚಾಪೆಯ ಮೇಲೆ ಕುಳಿತು, ಸೋಮೇಶನ ಮೊಬೈಲು ಸರಿಸಿ ತನ್ನದನ್ನು ಪೀಠದ ಮೇಲಿಟ್ಟು, ರೆಕಾರ್ಡಿಂಗ್ ಒತ್ತಿ, ಪುಟ ಎಪ್ಪತ್ತೊಂಬತ್ತು ತೆರೆದಳು.

ಓದುತ್ತಿದ್ದಂತೆ ಅವಳ ಧ್ವನಿ ಅವಳಿಗೇ ಬೇರೆಯಾಗಿ ಕೇಳಿಸಿತು, ಯಾರೋ ಒಳ್ಳೆಯ ಹುಡುಗಿಯ ಧ್ವನಿ. ಎಂಬತ್ತು. ಹೆಂಗಸರು ತಲೆದೂಗುತ್ತಿದ್ದರು. ಪದ್ಯ ತಪ್ಪಿದಲ್ಲಿ ಯಮನೂರಪ್ಪನವರ ತುಟಿ ತಾನಾಗಿ ಅಲುಗಿ ಸರಿಯಾದ ಅಕ್ಷರ ಹೇಳುತ್ತಿತ್ತು; ಅದನ್ನು ಕಂಡು ಅವಳಿಗೆ ಧೈರ್ಯ ಬಂತು, ಬಾಯಿಪಾಠ ಇದೆ, ಎಲ್ಲ ಇದೆ. ಎಂಬತ್ತೆರಡು. ಗುಡ್ಡದಜ್ಜ ಊರೂರು ತಿರುಗಿ ದಣಿದಿದ್ದಾನೆ. ಅವಳು ತಾನು ಓದುವ ವೇಗವನ್ನು ಕಡಿಮೆ ಮಾಡಲು ನೋಡಿದಳು, ಛಂದಸ್ಸು ಬಿಡಲಿಲ್ಲ, ಎಳೆದುಕೊಂಡೇ ಹೋಯಿತು. ಎಂಬತ್ತನಾಲ್ಕಕ್ಕೆ ಬರುವಾಗ ಒಂದು ವಿಚಿತ್ರ ನಡೆಯಿತು. ಕಟ್ಟೆಯ ಮೇಲಿದ್ದ ಗಂಡಸರು ಒಬ್ಬೊಬ್ಬರಾಗಿ ಎದ್ದು ಒಳಗೆ ಬಂದು ಗೋಡೆಗುಂಟ ನಿಂತರು. ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಬ್ಬ ಹೊರಗೆ ಹೋಗಿ ಉಗುಳಿ ಬಂದ. ಹಾಲು ಕುಡಿಯುವ ಕೂಸನ್ನು ಒಬ್ಬಳು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡಳು. ಕಾಯುತ್ತಿದ್ದಾರೆ ಎಂದು ಅವಳಿಗೆ ಅನಿಸಿತು. ಏನನ್ನು ಎಂದು ತಿಳಿಯಲಿಲ್ಲ. ಎಂಬತ್ತೈದರ ಕೊನೆಯ ಸಾಲುಗಳು ಬಂದವು.

ತನುವು ಬಳಲಿದೆ ತಾಯೆ ನೀರೆರೆ
ಯೆನುತ ಬಾಗಿಲ ಮುಂದೆ ನಿಲ್ಲಲು
ಮನೆಯ ಹೆಣ್ಮಗಳವನ ನೋಡುತ ನಗುತಲಿಂತೆಂದಳು

ಅಲ್ಲಿಗೆ ಪುಟ ಮುಗಿಯಿತು. ಎಂಬತ್ತೆಂಟರಲ್ಲಿ ಗುಡ್ಡದಜ್ಜ ಕಣ್ಣೊರೆಸಿಕೊಳ್ಳುತ್ತ ಗುಡ್ಡದ ದಾರಿ ಹಿಡಿದಿರುತ್ತಾನೆ. ವನಿತಾ ಅಂದುಕೊಂಡಂತೆಯೇ ಕೆಮ್ಮಿದಳು. ಗಂಟಲು ಹಿಡಿದುಕೊಂಡಳು. ಅಜ್ಜಾರ, ಗಂಟಲ ಕಟ್ಟೇತಿ, ಇಲ್ಲಿಂದ ಒಂದೆರಡು ಪದ್ಯ ನೀವೇ ಹೇಳ್ರಿ, ನಿಮಗೆ ಬಾಯಿಲೇ ಬರುತ್ತದಲ್ಲ ಎಂದಳು. ಬಸ್ಸಿನಲ್ಲಿ ಹತ್ತು ಸಲ ಹೇಳಿ ನೋಡಿದ ಮಾತು, ಬಹಳ ಸರಳವಾಗಿ ಬಂತು.

ಯಮನೂರಪ್ಪನವರು ನಕ್ಕರು. ಗೋಡೆಗುಂಟ ನಿಂತವರೂ ನಕ್ಕರು. ಹುಡುಗಿ ಆಟ ಆಡಿಸುತ್ತಿದ್ದಾಳೆ ಎಂಬ ನಗೆ.

"ನನಗ ಹ್ಯಾಂಗ ಬರ್ತೈತೆವ್ವಾ" ಎಂದರು ಅವರು. "ನಮ್ಮಜ್ಜನ ಕಾಲದಾಗಿಂದ ಅವು ಅಂಟಿದ ಹಾಳಿ. ಇಲ್ಲಿಗೆ ಬಂದ್ವಿ ಅಂದ್ರ ನಾವೆಲ್ಲಾ ಕೈ ಮುಗದು, ಎರಡೂ ಕೂಡೇ ತಿರುವಿ ಮುಂದ ಹೋಗ್ತಿದ್ವಿ. ಒಳಗೇನೈತಿ ಅಂತ ಕಂಡಾವ್ರು ಯಾರೂ ಇಲ್ಲ."

ಅವಳಿಗೆ ಮೊದಲು ಅದು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, ಹಾಗಾದರೆ ಯಾರೂ ಏನನ್ನೂ ಕಳೆದುಕೊಂಡಿಲ್ಲ ಎಂಬ ಒಂದು ಯೋಚನೆ ಹೊಳೆದು, ಎದೆಯಲ್ಲಿದ್ದ ಗಂಟು ಸಡಿಲಾಯಿತು. ಅದು ಪೂರ್ತಿ ಬಿಚ್ಚುವ ಮೊದಲೇ ಅವರು ಮುಂದುವರಿಸಿದರು. ಪುಸ್ತಕ ನಿಮಗೆ ಕೊಟ್ಟದ್ದೇ ಅದಕ್ಕೆ, ಅಂಟಿದ್ದನ್ನು ಹರಿಯದಂತೆ ಬಿಡಿಸುವವರು ನಿಮ್ಮಲ್ಲಿ ಇದ್ದಾರೆಂದು ಕೇಳಿ. ಸೋಮೇಶ ನಿನಗೇ ಹೇಳಿ ಬಂದನಲ್ಲ, ನೀನು ಆಗಲಿ ಅಂದೆಯಂತೆ. ಅಂದಿದ್ದಳು. ಪುಸ್ತಕ ತಂದ ಮರುದಿನ ಹುಲಕೋಟಿಗೆ ಹೋಗುತ್ತ ಗ್ರಂಥಾಲಯಕ್ಕೆ ಬಂದ ಸೋಮೇಶ ಟೇಬಲ್ಲಿನ ಆಚೆ ನಿಂತು ಪುಸ್ತಕದ ಮೇಲೆ ಬೆರಳಿಟ್ಟು ಏನೋ ಹೇಳುತ್ತಿದ್ದ, ಅವಳ ಕಿವಿಯಲ್ಲಿ ಇಯರ್‌ಫೋನು ಇತ್ತು, ಹಾಡು ನಿಲ್ಲಿಸಲು ಬೇಸರವಾಗಿ ಬರೀ ತಲೆಯಾಡಿಸಿ ಆತ್ರಿ ಎಂದಿದ್ದಳು. ಅವನ ತುಟಿಗಳು ಅಲುಗಿದ್ದು ಈಗ ನೆನಪಾಯಿತು, ಮಾತಿಲ್ಲದೆ ಬರೀ ತುಟಿ.

ಹೆಂಗಸರ ಸಾಲಿನಲ್ಲಿ ಗುಜುಗುಜು ಎದ್ದಿತು. ಈ ಮನೆಯಲ್ಲಿ ಇದೊಂದು ಹಳೆಯ ಜಗಳ ಎಂದು ಪಕ್ಕದವಳು ವನಿತಾಳಿಗೆ ವಿವರಿಸಿದಳು. ಆ ಹೆಣ್ಣುಮಗಳು ಅಜ್ಜನಿಗೆ ನೀರು ಕೊಟ್ಟಳೋ ಇಲ್ಲವೋ. ಗಂಡಸರು ಕೊಡಲಿಲ್ಲ ಅನ್ನುತ್ತಾರೆ, ಅದಕ್ಕೇ ಅಜ್ಜ ಅಳುತ್ತ ಗುಡ್ಡ ಹತ್ತಿದ್ದು. ಹೆಂಗಸರು ಕೊಟ್ಟಳು ಅನ್ನುತ್ತಾರೆ. ಹನಮಂತವ್ವ ಈ ಮನೆಗೆ ಸೊಸೆಯಾಗಿ ಬಂದ ವರ್ಷ ಇದೇ ಜಾಗದಲ್ಲಿ ಮಾವನಿಗೆ ಎದುರು ಮಾತಾಡಿ ಬೈಸಿಕೊಂಡಿದ್ದಳಂತೆ.

"ಬಾಗಲಕ ಬಂದು ನೀರ ಅಂದಾವಗ ಯಾವ ಹೆಣಮಗಳು ಇಲ್ಲಂತಾಳ" ಎಂದಳು ಹನಮಂತವ್ವ. "ನಕ್ಕೋತ ಅಂದಳು ಅಂತ ಬರದಾನಲ್ಲ. ಇಲ್ಲ ಅನ್ನಾಕಿ ನಗತಾಳೇನು?"

"ನಿನ್ನಂಗ ಬೈಕೋತ ಕೊಡಾವ್ರೂ ಅದಾರ" ಎಂದರು ಯಮನೂರಪ್ಪನವರು, ಎಲ್ಲರೂ ನಕ್ಕರು. ಅವರು ನಗುತ್ತಲೇ ಚಾಪೆಯ ಮೇಲೆ ಸ್ವಲ್ಪ ಮುಂದೆ ಸರಿದು, ಕಿವಿಯನ್ನು ಅವಳ ಕಡೆ ಕೊಟ್ಟು ಕುಳಿತರು. "ಹೇಳವ್ವಾ ಹಂಗಾರ. ಕೊಟ್ಟಾಳೊ ಇಲ್ಲೊ."

ಹನಮಂತವ್ವನ ಮುಖ ಅವಳ ಎದುರಿಗೇ ಇತ್ತು. ಎಂಥ ಮುಖವೆಂದರೆ, ಅದಕ್ಕೆ ಬೇಕಾದದ್ದು ಏನೆಂದು ಸ್ಪಷ್ಟವಾಗಿ ಕಾಣುತ್ತಿತ್ತು, ಅದನ್ನು ಕೊಡುವುದು ಎಷ್ಟು ಸುಲಭವೆಂಬುದೂ ಕಾಣುತ್ತಿತ್ತು. ಯಾರಿಗೆ ಗೊತ್ತಾಗಬೇಕು. ಹೊಳೆಯ ತಳದಲ್ಲಿ ರಾಡಿಯಾಗಿ ಹೋದದ್ದು ಬಂದು ಸಾಕ್ಷಿ ಹೇಳುವುದಿಲ್ಲ.

"ಕೊಟ್ಟಾಳ್ರಿ" ಎಂದಳು ವನಿತಾ.

ಪಡಸಾಲೆಯಲ್ಲಿ ಹೆಂಗಸರ ಧ್ವನಿ ಒಮ್ಮೆಲೇ ಎದ್ದಿತು. ಹನಮಂತವ್ವ ಸೆರಗನ್ನು ಬಾಯಿಗೆ ಹಿಡಿದು ಗಂಡನನ್ನು ನೋಡಿದಳು, ಐವತ್ತು ವರ್ಷದ ಹಿಂದಿನ ಒಬ್ಬ ಸೊಸೆ ಅವಳ ಕಣ್ಣಿನಲ್ಲಿ ಬಂದು ನಿಂತು ನೋಡಿದಂತಿತ್ತು. ವನಿತಾಳಿಗೆ ಒಂದು ಕ್ಷಣ, ನಿಜವಾಗಿಯೂ ಒಂದು ಕ್ಷಣ, ಸಂತೋಷವಾಯಿತು. ಯಮನೂರಪ್ಪನವರು ಸೋತವರ ಹಾಗೆ ಎರಡೂ ಕೈ ಎತ್ತಿದರು. ಕಣ್ಣು ಒದ್ದೆಯಾಗಿತ್ತು. ನಮ್ಮಪ್ಪ ಕೇಳಬೇಕಾಗಿತ್ತು ಇದನ್ನು ಎಂದರು. ಆಮೇಲೆ ಬಹಳ ಮೆತ್ತಗೆ, ಮಕ್ಕಳನ್ನು ಕೇಳುವ ಹಾಗೆ ಅಂದರು, "ಓದವ್ವಾ. ಆಕಿ ಏನಂದಳು, ಅದನ್ನ ಓದು."

ಅವಳು ಮೊಬೈಲನ್ನು ನೋಡಿದಳು. ಎಂಬತ್ತೈದು. ಎಳೆದರೆ ಎಂಬತ್ತೆಂಟು. ಒಂದು ಪದ್ಯ ಕಟ್ಟಿಬಿಡಲೇ ಎಂದು ತಲೆ ಆಗಲೂ ಓಡಿತು, ಮನೆಯ, ತನುವು, ಕೊನೆಗೆ ನೀರು ಅನ್ನುವ ಒಂದು ಸಾಲು. ಪ್ರಾಸ ಸಿಕ್ಕಿತು ಕೂಡ. ಎಲ್ಲರೂ ಉಸಿರು ಹಿಡಿದಿದ್ದರು. ಕೂಸು ಕೂಡ ಹಾಲು ಬಿಟ್ಟು ಅವಳನ್ನೇ ನೋಡುತ್ತಿತ್ತು. ರೆಕಾರ್ಡಿಂಗಿನ ಕೆಂಪು ಚುಕ್ಕೆ ಮಿನುಗುತ್ತ ಸೆಕೆಂಡು ಎಣಿಸುತ್ತಿತ್ತು. ಅವಳು ಅದನ್ನು ಒತ್ತಿ ನಿಲ್ಲಿಸಿದಳು. ಅಷ್ಟು ಮಾಡಿದ ಮೇಲೆ ಬೆರಳಿಗೆ ಮಾಡಲು ಇನ್ನೇನೂ ಉಳಿಯಲಿಲ್ಲ.

"ಕೊಟ್ಟಾಳೊ ಇಲ್ಲೊ ನನಗ ಗೊತ್ತಿಲ್ರಿ ಅಜ್ಜಾರ" ಎಂದಳು. "ನಾ ಸುಳ್ಳ ಹೇಳಿದೆ. ಆ ಹಾಳಿ ಬಿಡಿಸೇ ಇಲ್ರಿ. ನನ್ನ ಕೆಲಸನ ಅದು, ನಾ ಮಾಡ್ಲಿಲ್ಲ. ಮಾಡೀನಿ ಅಂತ ಬರದೆ. ನಮ್ಮ ಸರ್‌ಗೂ ಪೂರ್ತಿ ಐತಿ ಅಂತ ಹೇಳೀನ್ರಿ."

ಬೈದಿದ್ದರೆ ಚೆನ್ನಾಗಿರುತ್ತಿತ್ತು. ಗೋಡೆಗುಂಟ ನಿಂತವರಲ್ಲಿ ಒಬ್ಬ ಇನ್ನೊಬ್ಬನನ್ನು ನೋಡಿ, ಅಂದರೆ ಆ ಹಾಳಿ ಬಂದಿಲ್ಲೇನು ಎಂದು ಸಣ್ಣಗೆ ಕೇಳಿದ. ಸೋಮೇಶ ಬಾಗಿಲಿನಿಂದ ಎರಡು ಹೆಜ್ಜೆ ಮುಂದೆ ಬಂದು ನಿಂತ. ಅವನ ಮುಖದ ಬಣ್ಣ ಹೋಗಿತ್ತು. ಅವರು ಕಟ್ಟಿಕೊಟ್ಟ ಕಟ್ಟು ಬಿಚ್ಚಲಿಲ್ಲ ನಾವು ಎಂದ, ಅವಳಿಗಲ್ಲ, ತಂದೆಗೆ. ಕಟ್ಟಿದ್ದು ಕಟ್ಟಿದಂತೆಯೇ ಬಿಟ್ಟೆವು, ಶ್ರಾವಣಕ್ಕೆ ನೋಡಿದರಾಯಿತು ಅಂತ ನೀನೇ ಅಂದಿ. ಯಮನೂರಪ್ಪನವರು ಮಗನ ಕಡೆ ನೋಡಲಿಲ್ಲ. ಹೊಳೆಗೆ ಬಿಡುವಾಗ ಹಿಡಿದಿದ್ದ ಭಾರ ಇನ್ನೂ ಕೈಯಲ್ಲಿದೆಯೇನೋ ಎಂಬಂತೆ ತಮ್ಮ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದರು. ಹನಮಂತವ್ವ ಬಾಯಿಯಿಂದ ಸೆರಗು ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ನೆರಿಗೆ ಸರಿಮಾಡುತ್ತಿದ್ದಳು. ಅವಳು ವನಿತಾಳನ್ನು ನೋಡಲಿಲ್ಲ, ಆಮೇಲೆಯೂ ನೋಡಲಿಲ್ಲ.

"ಎಷ್ಟೊತ್ತು ಹಿಡೀತಿತ್ತವ್ವಾ" ಎಂದರು ಯಮನೂರಪ್ಪನವರು ಕೊನೆಗೆ. "ಅದನ್ನ ಬಿಡಸಾಕ."

ಅದಕ್ಕೆ ಬಹಳ ದಿನ ಬೇಕು ಎನ್ನಬಹುದಿತ್ತು. ಬಿಡಿಸಿದರೂ ಅಕ್ಷರ ಉಳಿಯುತ್ತಿರಲಿಲ್ಲವೇನೋ ಎನ್ನಬಹುದಿತ್ತು, ಅದು ಅರ್ಧ ನಿಜವೂ ಆಗಿತ್ತು.

"ಎರಡ ತಾಸ್ರಿ" ಎಂದಳು.

ಎರಡು ತಾಸು ಎಂದು ಅವರು ಹೇಳಿಕೊಂಡರು. ಸಿಟ್ಟಿರಲಿಲ್ಲ. ಸಂತೆಯಲ್ಲಿ ಕೇಳಿದ ದರವನ್ನು ಮನೆಗೆ ಬಂದು ಇನ್ನೊಮ್ಮೆ ಹೇಳಿ ನೋಡುವವರಂತೆ ಹೇಳಿಕೊಂಡರು. ಆಮೇಲೆ ಮೊಣಕಾಲಿನ ಮೇಲೆ ಕೈಯೂರಿ ನೆಟ್ಟಗೆ ಕುಳಿತು, ಪೀಠದ ಮೇಲಿದ್ದ ಅವಳ ಮೊಬೈಲಿನ ಕಡೆ ತಿರುಗಿ, ಅಂಟಿದ ಹಾಳಿ ಬಂದಾಗಿನಂತೆ ಕೈ ಮುಗಿದರು. ಗೋಡೆಗುಂಟ ನಿಂತವರಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಒಬ್ಬ ಮುಗಿದ, ಅವನನ್ನು ನೋಡಿ ಇನ್ನೊಬ್ಬ, ಆಮೇಲೆ ಹೆಂಗಸರು. ಹೊತ್ತಾಗಿ ಮೊಬೈಲಿನ ಬೆಳಕು ತಾನಾಗಿ ಆರಿತು. ಅಂಚಿನ ಕುಂಕುಮ ಬಿಟ್ಟರೆ ಅಲ್ಲಿ ಬರೀ ಕಪ್ಪು ಗಾಜು, ಅದರಲ್ಲಿ ತಲೆಕೆಳಗಾದ ತೊಲೆ, ಜಂತಿ. ಬೆಳಕು ಹಚ್ಚಬೇಕೋ ಬಿಡಬೇಕೋ ತಿಳಿಯದೆ ವನಿತಾ ಬೆರಳು ಮುಂದೆ ಚಾಚಿ, ಮುಟ್ಟದೆ, ಹಾಗೆಯೇ ಹಿಡಿದುಕೊಂಡು ಕುಳಿತಳು. ಕೈ ಮುಗಿದವರು ಇನ್ನೂ ಕೈ ಇಳಿಸಿರಲಿಲ್ಲ.